ಐದನೆಯ ಹಾಡು ಖಾಲಿ ಚೀಲ

ಹೋದ ವಾರ ವಾಷಿಂಗ್ ಮಷಿನ್ ತೆಗೆದರೆ ನಮ್ಮ ಮನೆಯವರ ಬಿಳಿ ಅಂಗಿಯ ಜೇಬಿನಲ್ಲಿ ಕಿತ್ತಳೆ ಬಣ್ಣದ ಎರಡು ಸ್ಪಂಜಿನ ತುಂಡುಗಳು ಸಿಕ್ಕವು. ಶೇಂಗಾಕಾಯಿಯಷ್ಟು ದೊಡ್ಡವು, ಹಿಸುಕಿ ಬಿಟ್ಟರೆ ಮೆಲ್ಲಗೆ ಮತ್ತೆ ಉಬ್ಬುತ್ತವೆ. ಕಿವಿಗೆ ಇಟ್ಟುಕೊಳ್ಳುವ ಬಿರಡೆಗಳು. ವಡ್ಡು ಅನ್ನುವ ಊರಿನ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕೊಡುತ್ತಾರೆ. ನಮ್ಮ ಮನೆಗೆ ಅವನ್ನು ತಂದವಳು ಪಾರು, ನಮ್ಮಣ್ಣನ ಮಗಳು. ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಾಳೆ, ವಾರವೆಲ್ಲ ಹೊಸಪೇಟೆಯಲ್ಲಿ ನಮ್ಮ ಜೊತೆಯೇ ಇರುತ್ತಾಳೆ. ಆ ತುಂಡುಗಳನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ಮತ್ತೆ ಮೈ ಉರಿಯಿತು. ನನ್ನ ಸಿಟ್ಟು ಇಳಿದಿದೆ ಅಂದುಕೊಂಡಿದ್ದೆ. ಇಳಿದಿಲ್ಲ.

ಯಾರ ಮೇಲೆ ಸಿಟ್ಟು ಅಂತ ಕೇಳುತ್ತೀರಾ? ಅಭಿಪ್ರಾಯ ಇರುವವರ ಮೇಲೆ. ಅಂದರೆ ಎಲ್ಲರ ಮೇಲೆ.

ಆದದ್ದಿಷ್ಟು. ಪಾರು ಮತ್ತು ಕಂಪ್ಲಿ, ಎಮ್ಮಿಗನೂರು ಕಡೆಯ ಮೂವರು ಹುಡುಗರು ಸೇರಿ ಒಂದು ಆಲ್ಬಮ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದಾರೆ. ಎಂಟು ಹಾಡು. ಹೆಸರು 'ಕೆಂಪು ಧೂಳು'. ಹುಡುಗರು ಗಿಟಾರು, ಡ್ರಮ್ಮು ಬಾರಿಸುತ್ತಾರೆ, ಪಾರು ಹಾಡುತ್ತಾಳೆ. ಹಾಡುತ್ತಾಳೆ ಅನ್ನುವುದು ನನ್ನ ಸೌಜನ್ಯ. ಕೂಗುತ್ತಾಳೆ. ಹೊಟ್ಟೆಯ ಬುಡದಿಂದ, ಗಂಟಲು ಹರಿಯುವ ಹಾಗೆ.

"ಇದಕ್ಕ ಏನಂತಾರ?" ಅಂತ ಮೊದಲ ದಿನ ಕೇಳಿದ್ದೆ.

"ಮೆಟಾಲಿಕ್ ಹಾರ್ಡ್‌ಕೋರ್, ಅತ್ತಿ."

"ಹಂಗಂದ್ರ?"

"ಗಿಟಾರು ಮೆಟಲ್‌ದು, ಸಿಟ್ಟು ಹಾರ್ಡ್‌ಕೋರ್‌ದು."

ಸಿಟ್ಟು ಅಂದದ್ದು ನನಗೆ ಅರ್ಥವಾಯಿತು. ಉಳಿದದ್ದು ಇವತ್ತಿಗೂ ಆಗಿಲ್ಲ. ನಾನು ಸಂಗೀತದ ವಿಷಯದಲ್ಲಿ ಎಂಥವಳು ಅಂದರೆ, ನಮ್ಮ ಓಣಿಯ ಹೆಂಗಸರು ಆರತಿ ಹಾಡು ಶುರು ಮಾಡುವ ಮುಂಚೆ ನನ್ನ ಕೈಗೆ ತಟ್ಟೆ ಕೊಟ್ಟು, "ಗೌರಕ್ಕ, ನೀವು ಕರ್ಪೂರ ನೋಡ್ಕೋರಿ" ಅನ್ನುತ್ತಾರೆ. ನಮ್ಮದು ಮ್ಯಾಚಿಂಗ್ ಸೆಂಟರ್. ರವಿಕೆ ಕಣ, ಫಾಲು, ದಾರ ಮಾರುವ ಅಂಗಡಿ. ಬಣ್ಣದ ವಿಷಯ ಕೇಳಿ, ಕತ್ತಲಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಆಲ್ಬಮ್ಮಿನ ಮೊದಲ ಹಾಡನ್ನು ಅಂಗಡಿಯಲ್ಲಿ ಕೂತು ಕೇಳಿದಾಗ ಮೊಬೈಲು ಕೆಟ್ಟಿದೆ ಅಂದುಕೊಂಡು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಎದುರಿಗಿದ್ದ ಗಿರಾಕಿಗೆ ಗಿಳಿಹಸಿರು ದಾರದ ಬದಲು ಕನಕಾಂಬರದ ದಾರ ಕೊಟ್ಟು ಕಳಿಸಿದೆ. ಸಂಜೆಯವರೆಗೆ ತಲೆನೋವು. ಅಷ್ಟಾದರೂ ಪಾರುವಿಗೆ "ಛಲೋ ಐತಿ" ಅಂದೆ, ಆಕೆ "ಸುಳ್ಳ ಹೇಳಬ್ಯಾಡ ಅತ್ತಿ" ಅಂದಳು. ಅಲ್ಲಿಗೆ ನಮ್ಮಿಬ್ಬರ ನಡುವೆ ಆ ವಿಷಯ ಮುಗಿಯಿತು.

ಬೇರೆಯವರದು ಮುಗಿಯಲಿಲ್ಲ. ಊರಿಗೆಲ್ಲ ಗೊತ್ತಾಯಿತು, ಊರಿಗೆಲ್ಲ ಒಂದೊಂದು ಅಭಿಪ್ರಾಯ ಹುಟ್ಟಿತು. ನಮ್ಮ ಅಂಗಡಿಗೆ ಬರುವ ನಿವೃತ್ತ ಸಂಗೀತ ಟೀಚರೊಬ್ಬರು ಫಾಲಿನ ಬಣ್ಣ ನೋಡುತ್ತ ನೋಡುತ್ತ, "ಶ್ರುತಿ ಎಲ್ಲೈತ್ರಿ ಅದರಾಗ? ಇನ್ನೊಂದು ವರ್ಷಕ್ಕ ಆ ಹುಡುಗಿ ಗಂಟಲ ಕೆಟ್ಟು ಹೋಗ್ತೈತಿ ನೋಡ್ರಿ" ಅಂದರು. ನಮ್ಮ ಮನೆಯವರು ಯಾರನ್ನೂ ನೋಯಿಸುವವರಲ್ಲ. ಅವರದು ಒಂದೇ ಮಾತು: "ಮಸ್ತ್ ಐತಿ. ಆದ್ರ ಸ್ವಲ್ಪ ಸಣ್ಣಗ ಹಾಡಿದ್ರ ಇನ್ನೂ ಮಸ್ತ್ ಇರ್ತಿತ್ತು." ಇದೇ ಮನುಷ್ಯ ಮನೆಗೆ ಬಂದ ಪ್ರತಿ ನೆಂಟರನ್ನೂ ಹಂಪಿಗೆ ಕರೆದುಕೊಂಡು ಹೋಗಿ, ದೂರದಿಂದಲೇ ಕಲ್ಲುಕಂಬ ತೋರಿಸಿ, ಇದು ಹಾಡುತ್ತದೆ ಅನ್ನುತ್ತಾರೆ. ಈಗ ಅದನ್ನು ಮುಟ್ಟಲು ಬಿಡುವುದಿಲ್ಲ, ಆದ್ದರಿಂದ ಯಾರಿಗೂ ಏನೂ ಕೇಳಿಸುವುದಿಲ್ಲ. ಆದರೂ ಬಂದವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಾರೆ. ಕೇಳಿಸದ ಕಲ್ಲಿಗೆ ತಲೆದೂಗುವ ಜನಕ್ಕೆ ಕೇಳಿಸುವ ಹುಡುಗಿ ಮಾತ್ರ ಜೋರಾಗುತ್ತಾಳೆ.

ಇಂಟರ್ನೆಟ್ಟಿನಲ್ಲಿ ಇನ್ನೊಂದು ಬಗೆ. ಆಲ್ಬಮ್ಮಿನ ಕೆಳಗೆ ಎಲ್ಲೆಲ್ಲಿಯವರೋ ಬರೆದದ್ದನ್ನು ಪಾರು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಬಟ್ಟೆ ಮಡಚುತ್ತ ಕೇಳುತ್ತಿದ್ದೆ. ಒಬ್ಬನಿಗೆ ಗಿಟಾರು ಅದ್ಭುತ, ಕೂಗು ದಂಡ. ಇನ್ನೊಬ್ಬನಿಗೆ ಕೂಗು ಅದ್ಭುತ, ಗಿಟಾರು ಹಳಸಲು. ಒಬ್ಬ ಇದು ಹಾರ್ಡ್‌ಕೋರೇ ಅಲ್ಲ, ಮೆಟಲ್ ಅಂದ. ಮತ್ತೊಬ್ಬ ಇದು ಮೆಟಲ್ಲೇ ಅಲ್ಲ, ಹಾರ್ಡ್‌ಕೋರ್ ಅಂದ. ಅವರಿಬ್ಬರೂ ವಾರಗಟ್ಟಲೆ ಕಚ್ಚಾಡಿದರು, ಒಬ್ಬರ ತಾಯಿಯನ್ನು ಇನ್ನೊಬ್ಬರು ಎಳೆದು ತಂದರು. ಕೂಸು ಯಾರದು ಅಂತ ಜಗಳಾಡುವವರು ಕೂಸಿನ ಮುಖ ನೋಡಿದ್ದಾರೋ ಇಲ್ಲವೋ. ಕೊನೆಗೆ ಒಬ್ಬ ಮಹಾಶಯ ಬರೆದ: ಹುಡುಗಿ ಕೂಗಿದ್ದಾಳೆ ಅಂತ ಹೊಗಳುತ್ತಿದ್ದಾರೆ, ಗಂಡಸು ಕೂಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಮಡಚುತ್ತಿದ್ದ ಟವೆಲ್ಲನ್ನು ಗೋಡೆಗೆ ಎಸೆದೆ. ಗಂಡಸರು ಕೂಗಿದ್ದನ್ನೇ ತಾನೆ ಹುಟ್ಟಿದಾಗಿನಿಂದ ಕೇಳುತ್ತ ಬಂದಿರುವುದು?

ನೋಡಿ, ಇಷ್ಟು ಜನರಲ್ಲಿ ಒಬ್ಬರಾದರೂ ಆಕೆ ಏನು ಕೂಗುತ್ತಿದ್ದಾಳೆ, ಅದರ ಮಾತುಗಳೇನು ಅಂತ ಕೇಳಲಿಲ್ಲ.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅಣ್ಣನ ಅಭಿಪ್ರಾಯ, ಯಾಕೆಂದರೆ ಅವನ ಕೈಯಲ್ಲಿ ಬೀಗ ಇತ್ತು. ನಮ್ಮಣ್ಣ ಬಸಣ್ಣನಿಗೆ ಕಂಪ್ಲಿಯಲ್ಲಿ ರೈಸ್ ಮಿಲ್ಲಿದೆ. ಮಾವನ ಮನೆಯಿಂದ ಬಂದದ್ದು. ಅದರ ಹಿತ್ತಿಲಲ್ಲಿ ಮೊದಲು ಭತ್ತ ಕುದಿಸುತ್ತಿದ್ದ ಒಂದು ಶೆಡ್ ಈಗ ಖಾಲಿ ಬಿದ್ದಿದೆ. ಹುಡುಗರು ಅದರ ಗೋಡೆಗಳಿಗೆ ಹಳೆಯ ಗೋಣಿಚೀಲ ಹೊಡೆದು, ವಾರದ ರಜೆಗೆ ಪಾರು ಹೋದಾಗ ಅಲ್ಲೇ ಬಾರಿಸುವುದು, ಅಲ್ಲೇ ರೆಕಾರ್ಡ್ ಮಾಡಿದ್ದು. ಮನೆಗಳ ನಡುವೆ ಇಂಥ ಸದ್ದಿಗೆ ಯಾರೂ ಜಾಗ ಕೊಡುವುದಿಲ್ಲ. "ಶೆಡ್ ಹೋದ್ರ ಬ್ಯಾಂಡ್ ಹೋತು, ಅತ್ತಿ" ಅಂತ ಪಾರು ಮೊದಲೇ ಹೇಳಿದ್ದಳು.

ಕಂಪ್ಲಿ ಬಜಾರಿನಲ್ಲಿ ಯಾರೋ ಅಣ್ಣನನ್ನು, "ನಿನ್ನ ಮಗಳ ಮೈಮ್ಯಾಲೆ ಏನೋ ಬರ್ತೈತಂತಲ್ಲಪಾ" ಅಂತ ಕಿಚಾಯಿಸಿದ್ದಾರೆ. ಅವನಿಗೆ ಅಲ್ಲೇ ಅವಮಾನವಾಗಿದೆ. ಪಾರುವನ್ನು ಮಿಲ್ಲಿಗೆ ಕರೆಸಿದ. ಆಕೆ ನನ್ನನ್ನೂ ಎಳೆದುಕೊಂಡು ಹೋದಳು.

ಅಕ್ಕಿ ವ್ಯಾಪಾರದವರು ಮಾಲು ಹೇಗೆ ನೋಡುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಚೀಲ ಬಿಚ್ಚುವುದಿಲ್ಲ. ಚೂಪು ತುದಿಯ ಒಂದು ಟೊಳ್ಳು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ಒಂದು ಹಿಡಿ ಅಕ್ಕಿ ಅಂಗೈಗೆ ಸುರಿಯುತ್ತದೆ. ಅದನ್ನು ಉಜ್ಜಿ, ಊದಿ, ಎರಡು ಕಾಳು ಕಚ್ಚಿ, ಇಡೀ ಚೀಲದ ಹಣೆಬರಹ ಹೇಳುತ್ತಾರೆ. ನಮ್ಮಣ್ಣ ಇದರಲ್ಲಿ ಹೆಸರುವಾಸಿ. ಅವತ್ತು ಪಾರುವಿನ ಮೊಬೈಲನ್ನು ಸ್ಯಾಂಪಲ್ ಮೇಜಿನ ಮೇಲೆ ಇಟ್ಟುಕೊಂಡು, ಪ್ರತಿ ಹಾಡಿನ ನಡುಮಧ್ಯಕ್ಕೆ ಹೆಬ್ಬೆರಳು ಒತ್ತಿ, ಉಸಿರು ಎಳೆದು ಬಿಡುವಷ್ಟು ಹೊತ್ತು ಕೇಳಿದ.

"ಹಿಂಗ ಅಲ್ಲಪ್ಪ, ಮೊದಲಿಂದ ಕೇಳ್ಬೇಕು" ಅಂದಳು ಪಾರು.

"ಮೊದಲಿಗೆ ಎಲ್ಲಾರೂ ಛಲೋ ಮಾಲೇ ಇಟ್ಟಿರ್ತಾರ. ನಡುವ ಚುಚ್ಚಿದ್ರ ಖರೇ ಗೊತ್ತಾಗ್ತೈತಿ" ಅಂದ. ಚುಚ್ಚುತ್ತ ಹೋದ. "ಇದು ಬರೇ ನುಚ್ಚು. ಇದರಾಗ ಕಲ್ಲು. ಇದೂ ಅದ ಮಾಲು, ಚೀಲ ಬ್ಯಾರೆ." ಐದನೆಯ ಹಾಡಿಗೆ ಹೆಬ್ಬೆರಳು ಒತ್ತಿದರೆ ಏನೂ ಕೇಳಿಸಲಿಲ್ಲ. ಮೊಬೈಲನ್ನು ಕಿವಿಗೆ ಹಿಡಿದ. ಆ ಹಾಡಿನ ನಡುವೆ ಒಂದು ಕಡೆ ಎಲ್ಲ ವಾದ್ಯಗಳೂ ಗಪ್ಪನೆ ನಿಂತುಬಿಡುತ್ತವೆ. ಅಣ್ಣನ ಹೆಬ್ಬೆರಳು ಸರಿಯಾಗಿ ಅಲ್ಲೇ ಬಿದ್ದಿತ್ತು. ಅದು ಮುಗಿಯುವಷ್ಟೂ ಅವನು ಕಾಯಲಿಲ್ಲ.

"ಇದು ಖಾಲಿ ಚೀಲ. ಏನೂ ತುಂಬಿಲ್ಲ" ಅಂದು ಮೊಬೈಲು ಮಗಳಿಗೆ ತಿರುಗಿಸಿ ಕೊಟ್ಟ. "ಸಾಕು. ಶೆಡ್ಡಿಗೆ ಬೀಗ ಹಾಕ್ತೀನಿ."

ನನ್ನ ಪಿತ್ತ ನೆತ್ತಿಗೇರಿತು. "ನಿನ್ನ ಅಕ್ಕಿ ತಿನ್ನೋರು ಪೂರ್ತಿ ಉಣ್ತಾರಲೇ, ಚುಚ್ಚಿ ಉಣ್ಣಂಗಿಲ್ಲ. ಕೇಳೋದಾದ್ರ ಎಂಟೂ ಕೇಳು. ಮನ್ಯಾಗ ಎಲ್ಲಾರೂ ಕುಂತು ಕೇಳ್ರಿ. ಆಮ್ಯಾಲೆ ಏನ್ ಬೇಕಾದ್ರೂ ಮಾಡು" ಅಂದೆ. ನಾನು ಅವನಿಗಿಂತ ಚಿಕ್ಕವಳು, ಅವನನ್ನು "ಲೇ" ಅನ್ನುವುದು ತೀರ ತಲೆಕೆಟ್ಟಾಗ ಮಾತ್ರ. ಅವನು ಮೇಜಿನ ಮೇಲೆ ಬಿದ್ದಿದ್ದ ಅಕ್ಕಿಕಾಳು ಒರೆಸಿ ಹಾಕಿದ. "ಆತು. ಐತವಾರ ಊಟಕ್ಕ ಬರ್ರಿ. ಕೇಳಿದ ಮ್ಯಾಲೂ ನನಗ ಸೇರಲಿಲ್ಲಂದ್ರ ಬೀಗ ಬೀಗನ" ಅಂದ.

ಗುದ್ದಾಡಿ ಗೆದ್ದವಳ ಹಾಗೆ ಬೀಗುತ್ತ ಬಸ್ಸು ಹತ್ತಿದೆ. ಬಸ್ಸು ಕಂಪ್ಲಿ ದಾಟುವ ಹೊತ್ತಿಗೆ ಬುದ್ಧಿ ಬಂತು. ನನಗೇ ಸೇರದ ಹಾಡುಗಳನ್ನು ಅಣ್ಣನಿಗೆ ಪೂರ್ತಿ ಕೇಳಿಸಿದರೆ ಸೇರುತ್ತವೆ ಅಂತ ಯಾವ ಧೈರ್ಯದ ಮೇಲೆ ಹೇಳಿದೆ? ನನಗೆ ಆ ಹಾಡು ಇಷ್ಟ ಅಂತ ನಿಮಗೆ ಯಾರು ಹೇಳಿದರು? ನನ್ನ ಸಿಟ್ಟು ಬೇರೆ ಕಡೆಯದು.

ಅದನ್ನು ಹೇಳಬೇಕಾದರೆ ನಮ್ಮೂರಿಗೆ ಹೋಗಬೇಕು. ನಾವು ಬೆಳೆದದ್ದು ಸಂಡೂರು ಸೀಮೆಯಲ್ಲಿ, ಗುಡ್ಡದ ಬುಡದ ಒಂದು ಸಣ್ಣ ಊರಲ್ಲಿ. ಅಪ್ಪನದು ಕಿರಾಣಿ ಅಂಗಡಿ. ಗುಡ್ಡದ ಮೇಲೆ ಗಣಿ. ಸಂಜೆ ನಾಲ್ಕಕ್ಕೆ ಸೈರನ್ ಕೂಗುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಆ ನಿಂತ ಹೊತ್ತು ಇತ್ತಲ್ಲ, ಅದರಷ್ಟು ದೊಡ್ಡ ಮೌನವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಾಯಿ ಕೂಡ ಬೊಗಳುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಅಡುಗೆಮನೆಗೆ ಓಡಿ, ಗೋಡೆಯ ನಾಗೊಂದಿಗೆ ಹಲಗೆಯ ಮೇಲೆ ಸಾಲಾಗಿ ಇಟ್ಟ ಹಿತ್ತಾಳೆ ಭಾಂಡೆಗಳು ಉರುಳದ ಹಾಗೆ ಎರಡೂ ತೋಳು ಚಾಚಿ ತಬ್ಬಿ ನಿಲ್ಲುತ್ತಿದ್ದಳು. ಅಲ್ಲಿಂದಲೇ ನಮಗೆ ಕೂಗು: "ಬಾಯಿ ತೆಗೀರಲೇ!" ಬಾಯಿ ತೆಗೆದು ನಿಂತರೆ ಕಿವಿಯ ತಮಟೆ ಹರಿಯುವುದಿಲ್ಲ ಅಂತ ಗಣಿಯ ಕೂಲಿಗಳು ಊರಿಗೆಲ್ಲ ಹೇಳಿಕೊಟ್ಟಿದ್ದರು. ನಾವು ಅಂಗೈಯಿಂದ ಕಿವಿ ಮುಚ್ಚಿ, ಬಾಯಿ ತೆಗೆದು ನಿಲ್ಲುತ್ತಿದ್ದೆವು. ಆಮೇಲೆ ಗುಡ್ಡ ಸಿಡಿಯುತ್ತಿತ್ತು.

ಮಕ್ಕಳ ಬುದ್ಧಿ. ಹೇಗೂ ಬಾಯಿ ತೆಗೆದಿದ್ದೇವೆ, ಹೇಗೂ ಆ ಗಳಿಗೆಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಸುಮ್ಮನೆ ಯಾಕೆ ನಿಲ್ಲಬೇಕು? ಬೇರೆ ಹೊತ್ತಿನಲ್ಲಿ ಹೇಳಲಾಗದ್ದನ್ನು ಆಗ ಕೂಗುತ್ತಿದ್ದೆವು. ಇಡೀ ಓಣಿಯ ಮಕ್ಕಳು ಕೂಗುತ್ತಿದ್ದರು. ಇನ್ನೊಬ್ಬರು ಏನು ಕೂಗಿದರು ಅಂತ ಕೇಳಬಾರದು ಅನ್ನುವುದು ನಮ್ಮ ಕಟ್ಟಳೆ. ನಾನು ಗಣಿತದ ಮಾಸ್ತರರಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದೆ, ಅವರು ಒಳ್ಳೆಯವರೇ, ಪಾಪ. ಅಣ್ಣನನ್ನು ಆಗಷ್ಟೇ ಶಾಲೆ ಬಿಡಿಸಿ ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದ್ದರು. ಅವನು ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದ. ಕೇಳಿಸುತ್ತಿರಲಿಲ್ಲ, ಆದರೆ ತುಟಿ ಕಾಣುತ್ತಿತ್ತಲ್ಲ. "ಕುಂದ್ರಂಗಿಲ್ಲ! ನಾ ಅಂಗ್ಡ್ಯಾಗ ಕುಂದ್ರಂಗಿಲ್ಲ!" ದಿನಾ ಅದೇ. ಧೂಳು ಇಳಿದ ಮೇಲೆ ಅಡುಗೆಮನೆಯಿಂದ ಅವ್ವ "ಆತೇನು?" ಅನ್ನುತ್ತಿದ್ದಳು, ನಾವು "ಆತಬೇ" ಅಂದ ಮೇಲೆಯೇ ಭಾಂಡೆ ಬಿಡುತ್ತಿದ್ದಳು. ಅಣ್ಣ ಸುಮ್ಮನೆ ಹೋಗಿ ಅಂಗಡಿಯಲ್ಲಿ ಕೂರುತ್ತಿದ್ದ.

ಅವ್ವನ ಎರಡೂ ಕೈ ಭಾಂಡೆಗಳ ಮೇಲೆ ಇರುತ್ತಿದ್ದವು. ಕಿವಿ ಮುಚ್ಚಿಕೊಳ್ಳಲು ಆಕೆಗೆ ಮೂರನೆಯ ಕೈ ಇರಲಿಲ್ಲ. ನಾನು ಮದುವೆಯಾಗಿ ಹೊಸಪೇಟೆಗೆ ಬರುವ ಹೊತ್ತಿಗೆ ಆಕೆಗೆ ಒಂದು ಕಿವಿ ಹೋಗಿತ್ತು, ಪಾರು ಹುಟ್ಟುವ ಹೊತ್ತಿಗೆ ಎರಡೂ. ಈಗ ಹೇಳಿ. ಆ ಸದ್ದಿನ ಬಗ್ಗೆ ನಮ್ಮ ಅಭಿಪ್ರಾಯವನ್ನು ಯಾರು ಕೇಳಿದ್ದರು? ಅದಕ್ಕೆ ಶ್ರುತಿ ಇತ್ತೇ? ಸ್ವಲ್ಪ ಸಣ್ಣಗೆ ಸಿಡಿಸಿ ಅಂತ ಯಾರಾದರೂ ಗುಡ್ಡ ಹತ್ತಿ ಹೇಳಿದ್ದರೇ? ಇವತ್ತಿಗೂ ಅದಿರಿನ ಲಾರಿಗಳು ನಮ್ಮ ಅಂಗಡಿಯ ಮುಂದೆ ಹಾರ್ನ್ ಹೊಡೆದರೆ ಗಾಜಿನ ಬಾಗಿಲು ಗಡಗಡ ಅನ್ನುತ್ತದೆ, ಆ ಸಂಗೀತ ಟೀಚರು ಮಾತು ನಿಲ್ಲಿಸಿ ಲಾರಿ ಹೋಗುವವರೆಗೆ ಕಾಯುತ್ತಾರೆ, ಒಂದು ಮಾತು ಅನ್ನುವುದಿಲ್ಲ. ಒಬ್ಬ ಹುಡುಗಿ ಬಾಯಿ ತೆಗೆದದ್ದೇ ತಡ, ಎಲ್ಲರಿಗೂ ಕಿವಿ ಬಂದುಬಿಟ್ಟವು. ನನ್ನ ಸಿಟ್ಟು ಇದು. ಇದನ್ನು ನಾನು ಯಾರಿಗೂ ಸಮಾಧಾನವಾಗಿ ಹೇಳಲಾರೆ, ಹೇಳುವ ಮನಸ್ಸೂ ಇಲ್ಲ.

ಐತವಾರ ಬಂತು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಎಲ್ಲ ಆಯಿತು. ಅಣ್ಣನ ಮನೆಯ ಪಡಸಾಲೆಗೆ ಹೊಂದಿಕೊಂಡೇ ಅಡುಗೆಮನೆ, ನಡುವೆ ಬಾಗಿಲಿಲ್ಲ. ನಾಗೊಂದಿಗೆಯ ಮೇಲೆ ಅವ್ವನ ಹಳೆಯ ಹಿತ್ತಾಳೆ ಭಾಂಡೆಗಳು, ಸ್ಟೀಲಿನ ಲೋಟಗಳು. ಪಾರು ಶೆಡ್ಡಿನಿಂದ ದೊಡ್ಡ ಸ್ಪೀಕರುಗಳನ್ನು ತಂದು ಬಂಡೆ ಹಾಸಿದ ನೆಲದ ಮೇಲೆ ಇಟ್ಟಳು. ಅಣ್ಣ ಗೋಡೆಗೆ ಒರಗಿ ಕೂತ, ಜೇಬಿನಲ್ಲಿ ಬೀಗ ಇದ್ದದ್ದು ಅಂಗಿ ಜೋತುಬಿದ್ದದ್ದರಿಂದಲೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಅತ್ತಿಗೆ, ಅತ್ತಿಗೆಯ ತಮ್ಮ ಸಿದ್ದಣ್ಣ, ನಮ್ಮ ಮನೆಯವರು. ಅವ್ವ ಅಡುಗೆಮನೆಯ ಕಡೆ, ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ.

ಪಾರು ಎಲ್ಲರಿಗೂ ಹೊಸ ಬಿರಡೆಗಳನ್ನು ಹಂಚಿದಳು. "ಕಿವಿಗೆ ಇಟ್ಕೋರಿ, ಜೋರು ಇರ್ತೈತಿ. ನಾವೂ ಇಟ್ಕೊಂತೀವಿ." ಅವ್ವನಿಗೆ ಕೊಡಲು ಹೋದಾಗ ಸಿದ್ದಣ್ಣ ನಕ್ಕ: "ಆಯಿಗ ಯಾಕಬೇ? ಆಕೀ ಕಿವಿ ಯಾವಾಗೋ ಹೋಗ್ಯಾವ." ಎಲ್ಲರೂ ನಕ್ಕರು. ನಾನು ನನ್ನ ಬಿರಡೆಗಳನ್ನು ಕಿವಿಗೆ ಇಡಲೇ ಇಲ್ಲ. ಹಟಕ್ಕೆ.

ಶುರುವಾಯಿತು. ಮೊದಲ ಹಾಡಿಗೆ ಅತ್ತಿಗೆ ಸೆರಗು ಬಾಯಿಗೆ ಹಿಡಿದಳು. ಎರಡನೆಯದು ಮುಗಿದಾಗ ಸಿದ್ದಣ್ಣ, "ದರೋಜಿ ಕರಡಿ ಒದರಿದಂಗ ಐತಿ" ಅಂದ. ಪಾರು, "ಖರೇನಾ? ಥ್ಯಾಂಕ್ಸ್ ಮಾವ" ಅಂದಳು. "ನೀ ಯಾವಾಗ ಕರಡಿ ಒದರಿದ್ದು ಕೇಳೀದಿ?" ಅಂತ ನಾನು ಕೇಳಿದೆ. ದರೋಜಿಯ ಕರಡಿಧಾಮಕ್ಕೆ ಹೋದವರು ನೋಡುವುದು ಬಂಡೆಗೆ ಬಳಿದ ಸಿಹಿಯನ್ನು ನೆಕ್ಕುವ ಕರಡಿಯನ್ನು, ಅದೂ ದೂರದಿಂದ. ಸಿದ್ದಣ್ಣ ಬಿರಡೆಗಳನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡ. ಮೂರು, ನಾಲ್ಕು ಮುಗಿದವು. ಅಣ್ಣನ ಮುಖ ಮಿಲ್ಲಿನ ಗೋಡೆಯ ಹಾಗೇ ಇತ್ತು. ಪಾರು ನನ್ನ ಕಡೆ ನೋಡಿದಳು. ಶೆಡ್ ಹೋಯಿತು ಅಂತ ನಾನೂ ಅಂದುಕೊಂಡೆ.

ಐದನೆಯದು ಒಂದೇ ಗಿಟಾರಿನಿಂದ ಶುರುವಾಗುತ್ತದೆ. ಅದು ಸಣ್ಣಗೆ ಎದ್ದು, ಏರುತ್ತ, ಏರುತ್ತ, ಕಿವಿಯಲ್ಲಿ ಉದ್ದಕ್ಕೆ ನಿಲ್ಲುತ್ತದೆ. ಕೆಳಗೆ ಡ್ರಮ್ಮು ನೆಲ ನಡುಗಿಸುತ್ತದೆ. ನಾಗೊಂದಿಗೆಯ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನತೊಡಗಿದವು. ಗಪ್ಪನೆ ಎಲ್ಲ ನಿಂತಿತು, ಅವ್ವ ಕೂತಿದ್ದ ನೆಲದ ನಡುಕವೂ.

ಅಣ್ಣ ಪಾರುವಿನ ಕಡೆ ಬೆರಳು ಎತ್ತಿದ. ನೋಡು, ಇದೇ ನಾನು ಹೇಳಿದ ಖಾಲಿ ಚೀಲ, ಅನ್ನುವ ಹಾಗೆ.

ಅವ್ವ ಎದ್ದಳು. ಮೊಣಕಾಲು ಹಿಡಿದು ಏಳುವ ಹೆಂಗಸು ಏನನ್ನೂ ಹಿಡಿಯದೆ ಎದ್ದು, ಎರಡೂ ತೋಳು ಚಾಚಿ, ನಾಗೊಂದಿಗೆಯ ಭಾಂಡೆಗಳನ್ನು ತಬ್ಬಿ ನಿಂತಳು. ತಿರುಗಿ ನೋಡದೆ ಕೂಗಿದಳು: "ಬಾಯಿ ತೆಗೀರಲೇ!"

ಅಣ್ಣನಿಗೆ ಅದು ಸರಿಯಾಗಿ ಕೇಳಿಸಿರಲಾರದು, ಕಿವಿಯಲ್ಲಿ ಬಿರಡೆ ಇತ್ತು. ಅವನು ನೋಡಿದ್ದು ಅವ್ವನ ಬೆನ್ನು, ಆ ತೋಳು. ಎತ್ತಿದ ಬೆರಳು ಇಳಿಯಿತು. ಮಿಲ್ಲಿನ ಮಾಲೀಕ, ಅರವತ್ತರ ಹತ್ತಿರದ ಗಂಡಸು, ಎರಡೂ ಅಂಗೈ ಕಿವಿಗೆ ಒತ್ತಿ ಬಾಯಿ ತೆಗೆದ. ನಾನೂ ತೆಗೆದಿದ್ದೆ.

ಆಗ ಎಲ್ಲ ವಾದ್ಯಗಳೂ ಒಟ್ಟಿಗೆ ಬಿದ್ದವು, ಮೇಲೆ ಪಾರುವಿನ ಕೂಗು. ಆ ಮಾತುಗಳನ್ನು ಈಗ ನಿಮಗೆ ಹೇಳುತ್ತೇನೆ, ಕೇಳಲಿಲ್ಲ ನೀವೂ: ಭಾಂಡೆ ಹಿಡಿ, ಬಾಯಿ ತೆಗಿ, ಭಾಂಡೆ ಹಿಡಿ, ಬಾಯಿ ತೆಗಿ. ಅಷ್ಟೇ. ಅಜ್ಜಿಯ ಬಾಯಿಂದ ಕೇಳಿದ್ದನ್ನು ಮೊಮ್ಮಗಳು ಕೂಗಿದ್ದು. ನಾನು ಗಣಿತದ ಮಾಸ್ತರರನ್ನು ಬಿಟ್ಟು ಈ ಸಲ ಬೇರೆಯವರನ್ನು ಬೈದೆ, ಬಹಳ ಜನರನ್ನು ಬೈದೆ. ಬೈಯುತ್ತಲೇ ಅಣ್ಣನ ತುಟಿ ನೋಡಿದೆ. ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ಕುಂದ್ರಂಗಿಲ್ಲ. ಕುಂದ್ರಂಗಿಲ್ಲ.

ಹಾಡು ಮುಗಿಯಿತು. ಪಾರು ಅಲ್ಲಿಗೇ ನಿಲ್ಲಿಸಿದಳು.

"ಆತೇನು?" ಅಂದಳು ಅವ್ವ, ಭಾಂಡೆ ಬಿಡದೆ.

ಅಣ್ಣ ಎದ್ದ. ಬಿರಡೆಗಳನ್ನು ಕಿತ್ತು ನೆಲಕ್ಕೆ ಹಾಕಿದ. ಜೇಬಿನಿಂದ ಬೀಗವನ್ನು ಕೀಲಿ ಸಮೇತ ತೆಗೆದು, ಮಗಳ ಮುಖ ನೋಡದೆ ಆಕೆಯ ಕೈಗಿಟ್ಟ. "ನೀವ ಹಾಕ್ಕೋರಿ. ಶೆಡ್ಡಿನಾಗ ನಾಯಿ ಹೊಕ್ಕಾವು" ಅಂದ. ಹೋಗಿ ನಾಗೊಂದಿಗೆಯ ಇನ್ನೊಂದು ತುದಿಯನ್ನು ತಾನು ಹಿಡಿದು ನಿಂತು, ಅವ್ವನ ಒಂದು ಕೈಯನ್ನು ಭಾಂಡೆಯಿಂದ ಬಿಡಿಸಿ ಆಕೆಯ ಕಿವಿಯ ಮೇಲೆ ಇಟ್ಟ.

"ಇಲ್ಲಬೇ," ಅಂತ ಆಕೆಗೆ ತಿಳಿಯುವ ಹಾಗೆ ಬಾಯಿ ದೊಡ್ಡದು ಮಾಡಿ ಹೇಳಿದ, "ಇನ್ನೂ ಮೂರು ಅದಾವ."